ಬಿಸಿಯಾದಾಗ ಮಾತ್ರ

ಬೆಳಿಗ್ಗೆ ಒಂಬತ್ತಕ್ಕೆ ಲಾರಿ ಸ್ಟಾರ್ಟ್ ಆದಾಗ ಆರು ಸಿಲಿಂಡರುಗಳೂ ಒಂದೇ ಸಮನೆ ಬಡಿದುಕೊಂಡವು. ಆ ಇಂಜಿನ್ನನ್ನು ಬಿಚ್ಚಿ ಕಟ್ಟಿದ್ದ ಅವನಿಗೆ ಅದು ಹಿಂಸೆಯಾಯಿತು. ಒಂದು ಸಲ ಕೆಮ್ಮಿದ್ದರೆ, ಎಲ್ಲಾದರೂ ಒಂದು ಬಡಿತ ತಪ್ಪಿದ್ದರೆ, ಆ ಕಡೆ ಬೆರಳು ತೋರಿಸಿ ಏನಾದರೂ ಹೇಳಬಹುದಿತ್ತು. ಇಪ್ಪತ್ತಾರು ವರ್ಷದ ಇಂಜಿನ್ ಇಷ್ಟು ಚೆನ್ನಾಗಿ ಓಡುವುದರಲ್ಲಿ ಏನೋ ಒಂದು ಅಸಭ್ಯತೆ ಇದೆ ಎನ್ನಿಸಿತು. ಬಾನೆಟ್ಟಿನ ಆಚೆ ಬದಿಯಲ್ಲಿ ಅಣ್ಣ ತಲೆಯನ್ನು ತುಸು ವಾಲಿಸಿ ನಿಂತಿದ್ದ. ಬಿಳಿ ಬಟ್ಟೆಯಲ್ಲಿ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಳ್ಳುತ್ತಿದ್ದ, ಹೆಬ್ಬೆರಳಿನಿಂದ ಶುರುಮಾಡಿ ಕಿರುಬೆರಳಿನವರೆಗೆ, ಮತ್ತೆ ಹೆಬ್ಬೆರಳಿನಿಂದ. ಕೈಗಳು ಆಗಲೇ ಸ್ವಚ್ಛವಾಗಿದ್ದವು.

"ನಮ್ಮ ಲಾರಿ ಇಲ್ಲಿ ಮನೆ ಅಳಿಯನ ಥರ ಇರ್ತಾನೆ," ಎಂದ ಲಾರಿಯವನು, ಕ್ಯಾಬಿನ್ನಿನಿಂದ ಒಂದು ಕಾಲು ಹೊರಗೆ ಇಳಿಬಿಟ್ಟುಕೊಂಡು. "ಗುಡ್ಡದ ಏರಿಗೆ ಹೋಗ್ಲಿ. ಮೂರನೇ ತಿರುವಲ್ಲಿ ಗೊತ್ತಾಗತ್ತೆ ಇವನ ಬುದ್ಧಿ."

"ಇವತ್ತು ಗೊತ್ತಾಗ್ಲಿ," ಎಂದ ಅಣ್ಣ. ಯಾರನ್ನೂ ನೋಡದೆ, ಹವಾಮಾನದ ಬಗ್ಗೆ ಹೇಳಿದ ಹಾಗೆ ಮುಂದುವರಿಸಿದ. "ಪಂಪು ನಾಲ್ಕನೇ ಸಲ ಬಿಚ್ಚಿದೀನಿ. ಇವತ್ತೂ ಮಿಸ್ ಹೊಡೆದ್ರೆ ಆ ಕೋಣೆ ಬಾಗಿಲು ಹಾಕ್ತೀನಿ. ಬೆಂಚು ಕೇಳ್ತಿರೋರು ಒಬ್ಬರಿದಾರೆ."

ಲಾರಿಯವನು ಇಳಿಬಿಟ್ಟ ಕಾಲನ್ನು ಒಳಗೆಳೆದುಕೊಂಡ. "ಅಯ್ಯೋ, ಹಾಗೆಲ್ಲ ಯಾಕೆ ದೊಡ್ಡ ಮೇಸ್ತ್ರಿ," ಎಂದು ಏನೋ ಗೊಣಗಿ, ತಿಂಡಿ ತಿಂದು ಬರುವುದಾಗಿಯೂ ಹನ್ನೊಂದಕ್ಕೆ ಎಲ್ಲರೂ ಸೇರಿ ಏರಿಗೆ ಹೋಗೋಣವೆಂದೂ ಹೇಳಿ ಹೋದ. ಅಣ್ಣ ಕೋಣೆ ಎಂದದ್ದು ಶೆಡ್ಡಿನ ಆ ತುದಿಯ ಗಾಜಿನ ಬಾಗಿಲಿನ ಕೋಣೆಯನ್ನು. ಶೆಡ್ಡು ಒಂದೇ, ತಗಡಿನ ಸೂರೂ ಒಂದೇ; ಈ ತುದಿ ಅವನದು, ಎಣ್ಣೆ ಕುಡಿದು ಕುಡಿದು ಕಪ್ಪಾದ ನೆಲ, ಸರಪಳಿಯ ರಾಟೆ, ಬಿಚ್ಚಿಟ್ಟ ಇಂಜಿನ್ನುಗಳು. ಆ ತುದಿಯ ಕೋಣೆಯಲ್ಲಿ ಅಣ್ಣ ಮೂವತ್ತೈದು ವರ್ಷಗಳಿಂದ ಇಂಜಿನ್ನುಗಳ ಡೀಸೆಲ್ ಪಂಪುಗಳನ್ನು ಬಿಚ್ಚಿ, ತೊಳೆದು, ಅಳತೆಗೆ ಕೂರಿಸುತ್ತಿದ್ದ. ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕು. ಧೂಳಿನ ಒಂದು ಕಣ ಒಳಗೆ ಸೇರಿದರೂ ಪಂಪು ಕೆಟ್ಟಂತೆಯೇ. ಗೋಡೆಗೆ ಒತ್ತಿಕೊಂಡು ಪರೀಕ್ಷೆಯ ಬೆಂಚು. ಅದರ ಮೇಲೆ ಪಂಪನ್ನು ಕೂರಿಸಿ ಮೋಟಾರಿನಿಂದ ತಿರುಗಿಸಿದರೆ, ಕೆಳಗೆ ಸಾಲಾಗಿ ನಿಂತ ಆರು ಗಾಜಿನ ನಳಿಕೆಗಳಿಗೆ ಡೀಸೆಲ್ ಇಳಿಯುತ್ತದೆ. ಒಂದೊಂದು ಸಿಲಿಂಡರಿಗೆ ಒಂದೊಂದು ನಳಿಕೆ; ಆರರಲ್ಲೂ ಮಟ್ಟ ಒಂದೇ ಇರಬೇಕು. ಅದನ್ನು ನೋಡಲು ಅಣ್ಣ ಮೊಣಕಾಲೂರಿ ಕೂತು, ಕಣ್ಣನ್ನು ಮಟ್ಟಕ್ಕೆ ಸರಿಯಾಗಿ ತಂದು, ಉಸಿರು ಹಿಡಿಯುತ್ತಿದ್ದ. ಚಿಕ್ಕವನಿದ್ದಾಗ ಅವನು ಬಾಗಿಲ ಹೊರಗೆ ನಿಂತು ಗಾಜಿಗೆ ಮೂಗು ಒತ್ತಿಕೊಂಡು ಇದನ್ನು ನೋಡಿದ್ದ. ಅಣ್ಣ ಉಸಿರು ಬಿಟ್ಟ ಮೇಲೆಯೇ ತಾನೂ ಬಿಡುತ್ತಿದ್ದ.

ಹತ್ತಕ್ಕೆ ಅತ್ತಿಗೆ ಬಂದಳು. ಅಣ್ಣನನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಿತ್ತು. ಅಣ್ಣ ಅಂಗಿ ಬದಲಿಸಲು ಒಳಗೆ ಹೋದಾಗ ಅವಳು ಬ್ಯಾಗನ್ನು ಎದೆಗೆ ಅವಚಿಕೊಂಡು ಅವನ ಹತ್ತಿರ ಬಂದಳು. ಎಣ್ಣೆ ತಾಗದ ಹಾಗೆ ಒಂದು ಮಾರು ದೂರ ನಿಲ್ಲುವುದು ಅವಳ ಅಭ್ಯಾಸ. ಇವತ್ತು ನೆಲ ನೋಡದೆಯೇ ಬಂದಳು.

"ರಾತ್ರಿ ಎದ್ದು ಅಡುಗೆಮನೇಲಿ ಕೂತಿರ್ತಾರೆ ಕಣಪ್ಪ. ಆರು ಲೋಟ ಸಾಲಾಗಿ ಇಟ್ಕೊಂಡು ನೀರು ಹಾಕೋದು, ಬಗ್ಗಿ ನೋಡೋದು. ಆಮೇಲೆ ನನ್ನ ಎಬ್ಬಿಸೋದು. ಸಮ ಇದೆಯಾ ಹೇಳು, ಸಮ ಇದೆಯಾ ಹೇಳು. ಇದೆ ಅಂದ್ರೆ, ನೀನು ಸುಮ್ನೆ ಹೇಳ್ತೀಯ ಅಂತಾರೆ. ಇಲ್ಲ ಅಂದ್ರೆ ಮುಖ ನೋಡೋಕಾಗಲ್ಲ."

ಅವನು ಕೈಯಲ್ಲಿದ್ದ ಸ್ಪ್ಯಾನರನ್ನು ಈ ಕೈಯಿಂದ ಆ ಕೈಗೆ ಬದಲಿಸಿದ.

"ನೀನಾದ್ರೂ ಏನಾದ್ರೂ ಹೇಳು. ನಿನ್ನ ಮಾತು ಕೇಳ್ತಾರೆ. ತಪ್ಪು ನಂದೇ, ಇಂಜಿನ್ನಲ್ಲಿ ನಾನೇ ಏನೋ ಮಾಡಿದೀನಿ ಅಂತ ಹೇಳಿಬಿಡು. ಸುಳ್ಳಾದ್ರೂ ಪರವಾಗಿಲ್ಲ. ನಿನಗೇನು ಕಳ್ಕೊಳ್ಳೋದಿದೆ ಅದರಲ್ಲಿ?"

"ನೋಡೋಣ ಅತ್ತಿಗೆ," ಎಂದ ಅವನು. ಸುಳ್ಳಾದ್ರೂ ಪರವಾಗಿಲ್ಲ. ಆ ಮಾತು ಅವನ ಒಳಗೆ ಬಿದ್ದು ತಳ ಸಿಗದೆ ಹೋಗುತ್ತಲೇ ಇತ್ತು. ಅಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ, ಫೋಟೋ ತೆಗೆಸಿಕೊಳ್ಳಲು ಹೊರಟವನ ಹಾಗೆ. ಗೇಟಿನ ಹತ್ತಿರ ಹೆಂಡತಿ ಕೈ ಹಿಡಿಯಲು ಹೋದಾಗ, "ನಾನೇನು ಕುರುಡನಾ" ಎಂದ. ಎಂದವನು ಆಮೇಲೆ ತಾನೇ ಅವಳ ಕೈ ಹಿಡಿದುಕೊಂಡ.

ಅವರು ತಿರುವಿನಲ್ಲಿ ಮರೆಯಾದ ಮೇಲೆ ಅವನು ಒಂದು ಗೋಣಿತಾಟನ್ನು ಮಡಿಸಿ ರೇಡಿಯೇಟರಿನ ಮುಂದೆ ಕಟ್ಟಿದ. ಗಾಳಿ ಹೋಗದಿದ್ದರೆ ನಿಂತಲ್ಲೇ ಇಂಜಿನ್ ಕಾಯುತ್ತದೆ, ಏರು ಹತ್ತಿಸಬೇಕಾಗಿಲ್ಲ. ಆಕ್ಸಿಲರೇಟರಿಗೆ ಒಂದು ಮರದ ತುಂಡು ಕೊಟ್ಟು ಬಂದು ಮಡ್‌ಗಾರ್ಡಿನ ಮೇಲೆ ಕೂತ. ಈ ಉಪಾಯ ಒಂದೂವರೆ ತಿಂಗಳಲ್ಲಿ ತನಗೆ ಯಾಕೆ ಹೊಳೆದಿರಲಿಲ್ಲ ಎಂದು ಕೇಳಿಕೊಂಡ. ಹೊಳೆದಿರಲಿಲ್ಲವೆ? ಬೇರೆ ಯಾರ ಲಾರಿಯಾಗಿದ್ದರೂ ಎರಡನೆಯ ದಿನವೇ ಮಾಡುತ್ತಿದ್ದ. ಇದರ ವಿಷಯದಲ್ಲಿ ಪ್ರತಿ ಸಲವೂ ಏರಿಗೆ ಹೋಗಿ, ರಸ್ತೆ ಬದಿಯಲ್ಲಿ, ಹಿಂದೆ ಹಾರ್ನು ಹೊಡೆಯುವ ಗಾಡಿಗಳ ನಡುವೆ, ಗಡಿಬಿಡಿಯಲ್ಲಿ ನೋಡಿದ್ದಾಗಿತ್ತು. ಗಡಿಬಿಡಿಯಲ್ಲಿ ನೋಡಿದರೆ ಎಷ್ಟು ಬೇಕೋ ಅಷ್ಟೇ ಕಾಣುತ್ತದೆ. ಮೊದಲ ಸಲ ಲಾರಿಯವನು ದೂರು ತಂದಾಗ ಅವನು ಇಂಜಿನ್ನಿನ ಹೆಡ್ಡಿನ, ಅಂದರೆ ವಾಲ್ವುಗಳಿರುವ ಮೇಲ್ಭಾಗದ, ಕೆಲಸ ಮುಗಿಸಿ ಹತ್ತು ದಿನವಾಗಿತ್ತು. ಅಂಗಳದಲ್ಲಿ ನೋಡಿದರೆ ಏನೂ ಇಲ್ಲ. ಏರಿನಲ್ಲಿ, ಮೂರನೆಯ ತಿರುವಿನಲ್ಲಿ, ಇಂಜಿನ್ ಕುಂಟತೊಡಗಿತು. ನಿಲ್ಲಿಸಿ, ಓಡುತ್ತಿರುವಾಗಲೇ, ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ನಾಜಲ್ಲಿಗೆ ಹೋಗುವ ಪೈಪುಗಳ ನಟ್ಟನ್ನು ಒಂದೊಂದಾಗಿ ಸಡಿಲಿಸಿದ್ದ. ಕೆಲಸ ಮಾಡುತ್ತಿರುವ ಸಿಲಿಂಡರಿನ ಪೈಪು ಸಡಿಲಿಸಿದರೆ ಇಂಜಿನ್ ಮುಗ್ಗರಿಸುತ್ತದೆ. ಸತ್ತ ಸಿಲಿಂಡರಿನದ್ದಾದರೆ ಏನೂ ಆಗುವುದಿಲ್ಲ, ಸತ್ತವರಿಗೆ ಊಟ ನಿಲ್ಲಿಸಿದ ಹಾಗೆ. ನಾಲ್ಕನೆಯದು ಸತ್ತಿತ್ತು. ನಾಜಲ್ ತೆಗೆದು ಎರಡನೆಯದಕ್ಕೆ ಹಾಕಿ, ಎರಡನೆಯದರದ್ದನ್ನು ಇಲ್ಲಿಗೆ ಹಾಕಿದ. ದೋಷ ನಾಜಲ್ಲಿನ ಜೊತೆ ಹೋಗಲಿಲ್ಲ, ನಾಲ್ಕರಲ್ಲೇ ಕೂತಿತ್ತು. ಮಾರನೆಯ ಬೆಳಿಗ್ಗೆ ಅಂಗಳದಲ್ಲಿ, ತಣ್ಣಗಿರುವಾಗ, ಕಂಪ್ರೆಷನ್, ಸಿಲಿಂಡರಿನೊಳಗಿನ ಒತ್ತಡ, ಅಳೆದ. ಆರರಲ್ಲೂ ಚೆನ್ನಾಗಿತ್ತು. ಇನ್ನು ಉಳಿದದ್ದು ಪಂಪು.

ಅಷ್ಟೇ ಹೇಳಿದ್ದರೆ ಸಾಕಿತ್ತು. ಪಂಪು ಒಮ್ಮೆ ನೋಡಬೇಕು ಅಂತ. ಲಾರಿಯವನ ಜೊತೆ ಇನ್ನಿಬ್ಬರು ಡ್ರೈವರುಗಳಿದ್ದರು, ಟೀ ಕುಡಿಯುತ್ತಿದ್ದರು, ಅವನ ತೀರ್ಪಿಗೆ ಕಾಯುತ್ತಿದ್ದರು. "ನನ್ನ ಕಡೆ ಎಲ್ಲ ಸರಿಯಿದೆ," ಎಂದಿದ್ದ ಅವನು, ಲೋಟದ ಕೊನೆಯ ಗುಟುಕನ್ನು ನೆಲಕ್ಕೆ ಚೆಲ್ಲುತ್ತ. "ಅಣ್ಣನ ಕಣ್ಣು ಈಗ ಮೊದಲಿನ ಹಾಗಿಲ್ಲ." ಬೇಕಾಗಿಯೇ ಇರದ ವಾಕ್ಯ. ಬಾಯಿಯಿಂದ ಹೊರಟಾಗ ಅದಕ್ಕೆ ಕಾಳಜಿಯ ಧ್ವನಿಯೂ ಇತ್ತು. ಡ್ರೈವರುಗಳು ತಲೆಯಾಡಿಸಿದ್ದರು. ಅವರು ಊರೂರು ತಿರುಗುವ ಜನ. ಮಾತು ಅವರಿಗಿಂತ ಮುಂಚೆ ತಲುಪುತ್ತದೆ. ಎರಡು ವಾರದಲ್ಲಿ ಪಂಪುಗಳು ಊರಿನ ಆಚೆ ಕಡೆಯ ಹೊಸ ವರ್ಕ್‌ಶಾಪಿಗೆ ಹೋಗತೊಡಗಿದವು. ಅಣ್ಣನ ಕೋಣೆಯಲ್ಲಿ ಈ ಒಂದು ಲಾರಿಯ ಪಂಪು ಮಾತ್ರ ಬರುತ್ತ ಹೋಗುತ್ತ ಉಳಿಯಿತು. ಅಣ್ಣ ಅದನ್ನು ಬಿಚ್ಚುತ್ತಿದ್ದ, ಮಟ್ಟ ನೋಡುತ್ತಿದ್ದ, ಸಮವಿದೆ ಎನ್ನುತ್ತಿದ್ದ. ಏರು ಅಲ್ಲ ಎನ್ನುತ್ತಿತ್ತು. ಅಣ್ಣ ಏರಿನ ಮಾತನ್ನು ನಂಬಿದ.

ಬಿಸಿಯ ಮುಳ್ಳು ಮುಕ್ಕಾಲು ದಾಟಿತ್ತು. ಇಂಜಿನ್ನಿನ ಸದ್ದಿನಲ್ಲಿ ಎಲ್ಲೋ ಒಂದು ಎಳೆ ಕಿತ್ತಿತು. ಮೊದಲು ಅವನ ಕಿವಿಗಲ್ಲ, ಕೂತ ತೊಡೆಗೆ ಗೊತ್ತಾಯಿತು. ಐದು ಬಡಿತ, ಒಂದು ಖಾಲಿ. ಐದು ಬಡಿತ, ಒಂದು ಖಾಲಿ. ಸೈಲೆನ್ಸರಿನಿಂದ ಬಿಳಿ ಹೊಗೆ ತುಂಡುತುಂಡಾಗಿ ಬರತೊಡಗಿತು. ಅವನು ಇಳಿದು ಪೈಪುಗಳನ್ನು ಸಡಿಲಿಸುತ್ತ ಹೋದ. ಒಂದು: ಮುಗ್ಗರಿಸಿತು. ಎರಡು, ಮೂರು: ಮುಗ್ಗರಿಸಿತು. ನಾಲ್ಕು: ಏನೂ ಇಲ್ಲ. ಅಂದರೆ ನಾಲ್ಕನೆಯ ಸಲ ಪಂಪು ಬಿಚ್ಚಿದ್ದರಿಂದಲೂ ಏನೂ ಆಗಿಲ್ಲ. ಇನ್ನು ಒಂದು ಗಂಟೆಯಲ್ಲಿ ಮೂರನೆಯ ತಿರುವಿನಲ್ಲಿ ಅಣ್ಣ ಇದನ್ನು ಕೇಳಿಸಿಕೊಳ್ಳುತ್ತಾನೆ, ಬಿಳಿ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಾನೆ, ವಾಪಸ್ಸು ಬಂದು ಬಾಗಿಲು ಹಾಕುತ್ತಾನೆ. ತಣ್ಣಗಿದ್ದಾಗ ಇಲ್ಲ, ಬಿಸಿಯಾದಾಗ ಮಾತ್ರ. ಬಿಸಿಯಾದರೆ ಕಬ್ಬಿಣ ಬೆಳೆಯುತ್ತದೆ. ಎಲ್ಲಿ ಬೆಳೆಯಲು ಜಾಗ ಬಿಟ್ಟಿರುವುದಿಲ್ಲವೋ ಅಲ್ಲಿ ವಾಲ್ವು ಪೂರ್ತಿ ಮುಚ್ಚುವುದಿಲ್ಲ. ಇದನ್ನು ಅವನು ಯಾರಿಂದಲೂ ಕಲಿಯಬೇಕಾಗಿರಲಿಲ್ಲ. ಕಲಿಯಲು ಬಂದವರಿಗೆ ಅವನೇ ಹೇಳಿಕೊಡುತ್ತಿದ್ದ ಮೊದಲ ಪಾಠ ಇದು. ಇಂಜಿನ್ ಆರಿಸಿ, ವಾಲ್ವುಗಳನ್ನು ಮುಚ್ಚಿದ್ದ ಟ್ಯಾಪೆಟ್ ಕವರಿನ ಬೋಲ್ಟುಗಳನ್ನು ಬಿಚ್ಚಿದ.

ಒಳಗೆ ಹನ್ನೆರಡು ನಟ್ಟುಗಳು, ಒಂದೊಂದರ ಮೇಲೂ ಬಿಳಿ ಬಣ್ಣದ ಒಂದೊಂದು ಗೀಟು. ವಾಲ್ವಿನ ಸಂದು ಅಳೆದು, ನಟ್ಟನ್ನು ಬಿಗಿ ಮಾಡಿದ ಮೇಲೆ, ಕಡ್ಡಿಯಲ್ಲಿ ಬಿಳಿ ಬಣ್ಣ ಅದ್ದಿ ನಟ್ಟು ಮತ್ತು ಸ್ಕ್ರೂ ಎರಡರ ಮೇಲೂ ಹಾಯುವ ಹಾಗೆ ಗೀಟು ಎಳೆಯುವುದು ಅಣ್ಣ ಕಲಿಸಿದ ಪದ್ಧತಿ. ಇದು ಆಯಿತು ಎಂಬುದರ ಗುರುತು. ನಟ್ಟು ಸಡಿಲವಾದರೆ ಗೀಟು ತುಂಡಾಗಿ ಕಾಣುತ್ತದೆ. ಅವನಿಗೆ ಆಗ ಹದಿನೈದು. ಅವನು ಮೊದಲು ಗೀಟು ಎಳೆದು ಆಮೇಲೆ ಕೆಲಸ ಮಾಡುತ್ತಿದ್ದ. ಯಾವುದರ ಮೇಲೆ ಇದ್ದೇನೆ ಎಂದು ಮರೆಯುವುದಿಲ್ಲ, ಗೀಟು ಹಾಕಿದ ಮೇಲೆ ಬಿಡುವ ಹಾಗೂ ಇಲ್ಲ ಎಂದು ಅವನ ವಾದ. ಬಿಗಿ ಮಾಡುವಾಗ ಗೀಟು ಒಡೆದರೆ ಒರೆಸಿ ಇನ್ನೊಂದು ಎಳೆದರಾಯಿತು. ಅಣ್ಣ ಸ್ಪ್ಯಾನರಿನಿಂದ ಬೆರಳ ಗಂಟಿಗೆ ಹೊಡೆದಿದ್ದ. "ಆದ ಮೇಲೆ ಬಿಳಿ ಕಣೋ. ಆಗೋದಕ್ಕಿಂತ ಮುಂಚೆ ಅಲ್ಲ." ಬಿಟ್ಟೆ ಎಂದು ಹೇಳಿದ್ದ ಅವನು. ಅಣ್ಣನ ಎದುರಿಗೆ ಬಿಟ್ಟಿದ್ದ. ಅಣ್ಣ ಇಂಜಿನ್ ಕೆಲಸ ಬಿಟ್ಟು ಪೂರ್ತಿ ಪಂಪುಗಳ ಕಡೆ ಸರಿದ ಮೇಲೆ ನೋಡುವವರು ಯಾರೂ ಇರಲಿಲ್ಲ.

ನಾಲ್ಕರ ಎಕ್ಸಾಸ್ಟ್ ವಾಲ್ವಿನ, ಹೊಗೆ ಬಿಡುವ ವಾಲ್ವಿನ, ಸಂದಿಗೆ ಅಳತೆಯ ಫೀಲರಿನ ತೆಳು ಹಾಳೆಯನ್ನು ತೂರಿಸಲು ನೋಡಿದ. ಹೋಗಲಿಲ್ಲ. ಅದಕ್ಕಿಂತ ತೆಳುವಾದದ್ದು ಹೋಗಲಿಲ್ಲ. ಕೂದಲಿನಷ್ಟು ತೆಳುವಾದದ್ದೂ ಹೋಗಲಿಲ್ಲ. ಸಂದೇ ಇರಲಿಲ್ಲ. ನಟ್ಟಿನ ಮೇಲೆ ಗೀಟು ಮಾತ್ರ ನೆಟ್ಟಗೆ, ತುಂಡಾಗದೆ, ಅಂದವಾಗಿ ನಿಂತಿತ್ತು.

ಲೋ, ಇಲ್ಲಿ ಬಾರೋ ಸ್ವಲ್ಪ. ಹೆಡ್ಡಿನ ಕೆಲಸದ ದಿನ ಅಣ್ಣ ಕೋಣೆಯಿಂದ ಕರೆದದ್ದು ಹಾಗೆ. ಅವನು ನಾಲ್ಕರ ಮೇಲೆ ಬಿಳಿ ಎಳೆದು, ಇನ್ನು ಅಳೆಯಬೇಕೆಂದು ಹಾಳೆಯನ್ನು ಬೆರಳಲ್ಲಿ ಹಿಡಿದಿದ್ದ. ಕೈ ಒರೆಸಿಕೊಂಡು, ಚಪ್ಪಲಿ ಬಿಟ್ಟು, ಒಳಗೆ ಹೋದ. ಅಣ್ಣ ಕಡಲೆಕಾಯಿಯಷ್ಟು ಚಿಕ್ಕ ಒಂದು ಬಿಡಿಭಾಗವನ್ನು ಕಣ್ಣಿಗೆ ಹತ್ತಿರ ತಂದ, ದೂರ ಹಿಡಿದ, ಬೆಳಕಿಗೆ ತಿರುಗಿಸಿದ. "ಇದರ ಮೇಲಿನ ನಂಬರ್ ಓದಿ ಹೇಳು." ಅವನು ಒಂದೇ ಉಸಿರಿಗೆ ಓದಿ ಹೇಳಿದ, ಬೇಕೆಂದೇ ವೇಗವಾಗಿ, ಅಷ್ಟೇನೂ ಚಿಕ್ಕದಲ್ಲವಲ್ಲ ಎನ್ನುವ ಹಾಗೆ. ಇದೇ ಅಣ್ಣ ಅವನನ್ನು ರಸ್ತೆ ಬದಿಯ ಕಟ್ಟೆಯ ಮೇಲೆ ಕೂರಿಸಿಕೊಂಡು ಹೋಗುವ ಲಾರಿಗಳ ನಂಬರುಗಳಿಂದ ಅಂಕಿ ಕಲಿಸಿದವನು. ತಪ್ಪಿದರೆ ಮುಂದಿನ ಲಾರಿ ಬರುವವರೆಗೆ ಅವನ ಕಿವಿ ಹಿಂಡುತ್ತಲೇ ಇರುತ್ತಿದ್ದವನು. ಗಾಜಿನ ಬಾಗಿಲು ಎಳೆದುಕೊಂಡು ಹೊರಬಂದಾಗ ಅವನ ನಾಲಗೆಯ ಬುಡದಲ್ಲಿ ಸಣ್ಣದೊಂದು ಸಿಹಿ ಇತ್ತು. ಮುದುಕನಾಗುತ್ತಿದ್ದಾನೆ. ಆ ಸಿಹಿಯನ್ನು ಚಪ್ಪರಿಸುತ್ತ ಬಂದು, ನಾಲ್ಕರ ಮೇಲೆ ಬಿಳಿ ನೋಡಿ, ಐದಕ್ಕೆ ಹೋದ.

ಇಷ್ಟೇ. ಇದನ್ನು ಅವನು ಈಗ ನೆನಪಿಸಿಕೊಂಡನೋ, ಯಾವಾಗಲೂ ನೆನಪಿತ್ತೋ ಹೇಳುವುದು ಕಷ್ಟ. ಅಣ್ಣ ಇನ್ನೊಂದು ಅರ್ಧ ಗಂಟೆಯಲ್ಲಿ ಬರುತ್ತಾನೆ. ಕವರು ಬಿಚ್ಚಿದ ಹಾಗೇ ಬಿಟ್ಟು ಕಾಯಬಹುದು. ಬಂದ ಕೂಡಲೇ ಹಾಳೆಯನ್ನು ಅವನ ಕೈಗೇ ಕೊಡಬಹುದು, ನೋಡು, ಹೋಗಲ್ಲ. ಲಾರಿಯವನೂ ನೋಡುತ್ತಾನೆ. ನನ್ನ ಕಡೆ ಎಲ್ಲ ಸರಿಯಿದೆ ಎಂದ ಮಾತು ಹೋದ ದಾರಿಯಲ್ಲೆಲ್ಲ ಈ ಮಾತೂ ಹೋಗುತ್ತದೆ. ಅಥವಾ. ಅಥವಾ ಈಗಲೇ ಸರಿಮಾಡಿ ಮುಚ್ಚಿಬಿಟ್ಟರೆ, ಇಂಜಿನ್ ಏರಿನಲ್ಲಿ ಸಮನಾಗಿ ಓಡಿದರೆ, ಅಣ್ಣನ ನಾಲ್ಕನೆಯ ಪ್ರಯತ್ನ ಗೆದ್ದ ಹಾಗೆ. ಕೋಣೆ ಉಳಿಯುತ್ತದೆ. ಅಣ್ಣನೇ ಹೇಳಿದ್ದಾನಲ್ಲ, ಮಿಸ್ ಹೊಡೆದರೆ ಬಾಗಿಲು ಹಾಕುತ್ತೇನೆ ಎಂದು, ಹೊಡೆಯದಿದ್ದರೆ ಹಾಕುವುದಿಲ್ಲ. ಯಾರಿಗೂ ನಷ್ಟವಿಲ್ಲ. ಅವನಿಗೆ ಕಣ್ಣು ತುಂಬಿ ಬಂತು, ಅಷ್ಟು ಒಳ್ಳೆಯ ಯೋಚನೆ ಅದು. ಅವನ ಕೈ ಅಷ್ಟರಲ್ಲೇ ನಟ್ಟನ್ನು ಸಡಿಲಿಸಿತ್ತು. ಗೀಟು ಎರಡು ತುಂಡಾಯಿತು. ಸಂದನ್ನು ಅಳೆದು ಬಿಗಿ ಮಾಡಿದ, ಹಳೆಯ ಬಣ್ಣವನ್ನು ಉಗುರಿನಿಂದ ಕೆರೆದು ತೆಗೆದ, ಡಬ್ಬಿಯಿಂದ ಹೊಸ ಗೀಟು ಎಳೆದ. ಬದುಕಿನಲ್ಲಿ ಬಹುಶಃ ಮೊದಲ ಸಲ, ಆದ ಮೇಲೆ.

ಹೊಸ ಬಿಳಿ ಉಳಿದ ಹನ್ನೊಂದರ ನಡುವೆ ಕಣ್ಣು ಕುಕ್ಕುವಷ್ಟು ಬಿಳಿಯಾಗಿತ್ತು. ಉಳಿದವು ಎಣ್ಣೆಯಲ್ಲಿ ಬೆಂದು ಹಲ್ಲಿನ ಬಣ್ಣಕ್ಕೆ ಬಂದಿದ್ದವು. ಕವರು ಮುಚ್ಚಿ, ಗೋಣಿತಾಟನ್ನೂ ಮರದ ತುಂಡನ್ನೂ ತೆಗೆದಿಟ್ಟ.

ಹನ್ನೊಂದೂಕಾಲಿಗೆ ಮೂವರೂ ಕ್ಯಾಬಿನ್ನಿನಲ್ಲಿದ್ದರು. ಅತ್ತಿಗೆ ಅಣ್ಣನನ್ನು ಗೇಟಿನವರೆಗೆ ಬಿಟ್ಟು ಮನೆಗೆ ಹೋಗಿದ್ದಳು. ಆಸ್ಪತ್ರೆಯಲ್ಲಿ ಕಣ್ಣಿಗೆ ಔಷಧಿ ಬಿಟ್ಟಿದ್ದರು. ಅಣ್ಣನ ಕಣ್ಣಿನ ಪಾಪೆಗಳು ಅಗಲವಾಗಿ ಕಪ್ಪಗೆ ತೆರೆದಿದ್ದವು, ಬೆಳಕಿಗೆ ಕೈ ಅಡ್ಡ ಹಿಡಿದುಕೊಂಡಿದ್ದ. ಸಂಜೆಯವರೆಗೆ ಹತ್ತಿರದ್ದು ಏನೂ ಕಾಣುವುದಿಲ್ಲವಂತೆ. ಡಾಕ್ಟರು ಏನಂದರು ಎಂದು ಲಾರಿಯವನು ಕೇಳಿದ.

"ವಯಸ್ಸಿಗೆ ತಕ್ಕ ಹಾಗಿದೆಯಂತೆ. ದೋಷ ಏನೂ ಇಲ್ಲ, ಓದೋಕೆ ಒಂದು ಕನ್ನಡಕ ಸಾಕು ಅಂದ್ರು."

"ಒಳ್ಳೇದಾಯ್ತಲ್ಲ ಮತ್ತೆ."

ಏರು ಶುರುವಾಯಿತು. ಮೊದಲ ತಿರುವು, ಎರಡನೆಯದು. ಇಂಜಿನ್ನಿನ ಬಿಸಿ ಕಾಲಬುಡದಿಂದ ಮೇಲೆ ಬರುತ್ತಿತ್ತು. ಮೂರನೆಯ ತಿರುವಿನಲ್ಲಿ ಲಾರಿಯವನು ಗೇರು ಇಳಿಸಿ ಪೂರ್ತಿ ತುಳಿದ. ಯಾರೂ ಉಸಿರಾಡಲಿಲ್ಲ. ಲಾರಿ ತಿರುವನ್ನು ಹಿಡಿದು, ಒಂದೇ ಧ್ವನಿಯಲ್ಲಿ, ಏನೂ ಆಗಿಲ್ಲವೆಂಬಂತೆ ಹತ್ತಿತು. ನಾಲ್ಕನೆಯದನ್ನೂ ಹತ್ತಿತು. ನೆತ್ತಿಗೆ ಬಂದಾಗ ಲಾರಿಯವನು ಸ್ಟಿಯರಿಂಗಿಗೆ ಎರಡೂ ಕೈಯಿಂದ ಬಡಿದ. "ಕೈ ಅಂದ್ರೆ ಕೈ, ದೊಡ್ಡ ಮೇಸ್ತ್ರಿ. ನಮ್ಮ ಲಾರಿಗೆ ದೆವ್ವ ಹಿಡಿದಿದೆ ಅಂತ ನನ್ನ ಹೆಂಡತಿ ಹೇಳೋಳು. ಅವಳನ್ನೇ ಕೂರಿಸ್ಕೊಂಡು ಬರ್ಬೇಕಿತ್ತು ಇವತ್ತು." ತಾನೇ ನಕ್ಕ. ಅವನೂ ನಕ್ಕ, ನಗುತ್ತ ಅಣ್ಣನ ಕಡೆ ನೋಡಿದ. ಅಣ್ಣ ನೇರವಾಗಿ ರಸ್ತೆ ನೋಡುತ್ತಿದ್ದ. ಕಪ್ಪು ತೆರೆದ ಆ ಕಣ್ಣುಗಳಲ್ಲಿ ಏನಿತ್ತೆಂದು ಹೇಳುವಂತಿರಲಿಲ್ಲ.

ಶೆಡ್ಡಿಗೆ ಬಂದ ಮೇಲೆ ಲಾರಿಯವನು ಹಗ್ಗ ತರಲು ಅಂಗಡಿಗೆ ಹೋದ; ಮಧ್ಯಾಹ್ನವೇ ಲೋಡಿಗೆ ಹೋಗಬೇಕಿತ್ತು. ಅಣ್ಣ ಚಪ್ಪಲಿ ಬಿಟ್ಟು ಕೋಣೆಯೊಳಗೆ ಹೋದ. ಸ್ವಲ್ಪ ಹೊತ್ತಿನ ಮೇಲೆ ಅವನೂ ಹೋದ, ಏನಾದರೂ ಖುಷಿಯ ಮಾತು ಹೇಳೋಣವೆಂದು. ಅಣ್ಣ ಬೆಂಚಿನ ಗಾಜಿನ ನಳಿಕೆಗಳನ್ನು ಒಂದೊಂದಾಗಿ ಕಳಚಿ ಹಳೆಯ ಪೇಪರಿನಲ್ಲಿ ಸುತ್ತುತ್ತಿದ್ದ.

"ಯಾಕಣ್ಣ? ಸರಿಹೋಯ್ತಲ್ಲ."

"ಸರಿಹೋಯ್ತು," ಎಂದ ಅಣ್ಣ. ಮೂರನೆಯ ನಳಿಕೆಯನ್ನು ಸುತ್ತಿ ಪಕ್ಕಕ್ಕಿಟ್ಟ. "ಈ ಸಲ ನಾನು ಏನೂ ಮಾಡ್ಲಿಲ್ಲ ಕಣೋ. ಬಿಚ್ಚಿದೆ, ತೊಳೆದೆ, ಮತ್ತೆ ಹಾಗೇ ಜೋಡಿಸಿದೆ. ಮೂರು ಸಲ ಎಲ್ಲ ಬದಲಾಯಿಸಿದೆ, ಆಗಲಿಲ್ಲ. ನಾಲ್ಕನೇ ಸಲ ಏನೂ ಮಾಡಲಿಲ್ಲ, ಆಯ್ತು. ಕೆಟ್ಟಿದ್ರೆ ಇಷ್ಟು ಬೇಜಾರಾಗ್ತಿರಲಿಲ್ಲ. ನನ್ನ ಕೈ ಏನು ಮಾಡತ್ತೆ ಅಂತ ನನಗೇ ಗೊತ್ತಿಲ್ಲ ಅಂದ್ಮೇಲೆ ಇಲ್ಲಿ ಕೂರೋದು ಹೇಗೆ? ಕಣ್ಣಲ್ಲ ಅಂತ ಡಾಕ್ಟರು ಹೇಳಿದ್ರು. ಕಣ್ಣಾಗಿದ್ರೆ ಕನ್ನಡಕ ಹಾಕ್ಕೋಬಹುದಿತ್ತು."

ಹೊರಗೆ ಬಿಸಿಲಿಗೆ ತಗಡು ಟಕ್ ಟಕ್ ಎಂದು ಹಿಗ್ಗುತ್ತಿತ್ತು. ಇಂತಹ ಮಾತುಗಳನ್ನು ಹೇಳಲು ಇನ್ನೊಂದಿಷ್ಟು ಹೊತ್ತು ಸಿಕ್ಕಬಹುದೆಂದು ಅವನು ಯಾವಾಗಲೂ ಅಂದುಕೊಂಡಿದ್ದ. "ಪಂಪಲ್ಲ ಅಣ್ಣ," ಎಂದ. "ಅದು ಯಾವತ್ತೂ ಪಂಪಾಗಿರಲಿಲ್ಲ. ನಾಲ್ಕರ ಟ್ಯಾಪೆಟ್ಟು. ನಾನು ಬಿಟ್ಟಿದ್ದೆ. ನೀನು ನಂಬರ್ ಓದೋಕೆ ಕರೆದೆಯಲ್ಲ, ಆವಾಗ. ಇವತ್ತು ಬೆಳಿಗ್ಗೆ ನೀನು ಇಲ್ಲದಾಗ ಸರಿಮಾಡಿದೆ."

ಅಣ್ಣ ಕೈಯಲ್ಲಿದ್ದ ನಳಿಕೆಯನ್ನು ಕೆಳಗಿಟ್ಟ. ಅವನ ಮುಖ ನೋಡಿದ, ಅಥವಾ ಮುಖವಿರಬೇಕಾದ ಕಡೆ ನೋಡಿದ.

"ನೀನು ಗೀಟು ಹಾಕಿದ್ದೆ."

"ಹಾಕಿದ್ದೆ, ಆದರೆ..."

"ನಾನು ನೋಡಿದೀನಿ. ಎರಡನೇ ಸಲ ಪಂಪು ವಾಪಸ್ ಬಂದಾಗ. ನೀನು ಊಟಕ್ಕೆ ಹೋಗಿದ್ದೆ, ನಾನೇ ಕವರು ಬಿಚ್ಚಿದೆ. ಹನ್ನೆರಡಕ್ಕೂ ಬಿಳಿ ಇತ್ತು. ಒಂದು ಸಲ ಫೀಲರ್ ಹಾಕಿ ನೋಡೋಣ ಅನ್ನಿಸ್ತು. ತಮ್ಮನ ಕೆಲಸ ಕದ್ದು ಅಳೆಯೋದಾ ಅಂತ ನಾಚಿಕೆ ಆಯ್ತು. ಮುಚ್ಚಿಬಿಟ್ಟೆ."

"ಬಿಗಿ ಮಾಡೋಕ್ಕೆ ಮುಂಚೆ ಹಚ್ಚಿದ್ದೆ ಅಣ್ಣ. ಮೊದಲು ಬಿಳಿ, ಆಮೇಲೆ..."

"ಅದನ್ನ ಬಿಟ್ಟು ಮೂವತ್ತು ವರ್ಷ ಆಯ್ತಲ್ಲೋ ನೀನು."

"ಬಿಟ್ಟಿಲ್ಲ."

ಅಣ್ಣ ನಕ್ಕ. ಬಹಳ ದಿನಗಳ ಮೇಲೆ ಅವನು ಕಂಡ ನಗು ಅದು, ಮತ್ತು ಅದರಲ್ಲಿ ಅಷ್ಟೊಂದು ಪ್ರೀತಿಯಿತ್ತು. ಅವನು ಅಣ್ಣನ ಮೊಣಕೈ ಹಿಡಿದು ಎಳೆದುಕೊಂಡೇ ಹೋದ, ಚಪ್ಪಲಿಯೂ ಇಲ್ಲದೆ ಆ ಕಪ್ಪು ನೆಲದ ಮೇಲೆ. ಕವರು ಬಿಚ್ಚಿದ. "ನೋಡು, ಇದೊಂದೇ ಹೊಸದು. ಬೇರೆಯವೆಲ್ಲ ಹಳದಿಯಾಗಿದಾವೆ, ಇದು ಬಿಳಿ ಇದೆ." ಅಣ್ಣ ಬಗ್ಗಿದ. ಕಾಣುತ್ತಿರಲಿಲ್ಲ, ಬೆರಳು ಚಾಚಿ, ಬಿಸಿಯನ್ನು ಲೆಕ್ಕಿಸದೆ, ಒಂದೊಂದೇ ನಟ್ಟನ್ನು ಮುಟ್ಟುತ್ತ ಬಂದು ಅಲ್ಲಿ ನಿಂತ. ಬೆರಳ ತುದಿಗೆ ಬಣ್ಣ ಹತ್ತಿತು.

"ಇನ್ನೂ ಹಸಿ ಇದೆ," ಎಂದ.

"ಬೆಳಿಗ್ಗೆ ಹಚ್ಚಿದ್ದು. ಅದೇ ಹೇಳ್ತಿದೀನಿ."

"ಯಾವಾಗ ಹಚ್ಚಿದ್ರೇನು. ನನಗೋಸ್ಕರ ಹಚ್ಚಿದೀಯ." ಅಣ್ಣ ಜೇಬಿನಿಂದ ಬಿಳಿ ಬಟ್ಟೆ ತೆಗೆದು ಬೆರಳನ್ನು ನಿಧಾನವಾಗಿ ಒರೆಸಿಕೊಂಡ. "ನಿಮ್ಮತ್ತಿಗೆ ಆಸ್ಪತ್ರೇಲಿ ಎಲ್ಲ ಹೇಳಿದ್ಲು. ನಿಮ್ಮ ತಮ್ಮ ಬೇಕಾದ್ರೆ ತಪ್ಪು ತನ್ನ ಮೇಲೆ ಹಾಕ್ಕೋತಾನೆ, ಅಷ್ಟು ಒಳ್ಳೆಯವನು ಅಂತ. ನಾನು ಅವಳಿಗೆ ಬೈದೆ. ಅವನಿಗೆ ಯಾಕೆ ಈ ಪಾಪದ ಕೆಲಸ ಹಚ್ತೀಯ ಅಂತ." ಬಟ್ಟೆಯನ್ನು ನಾಲ್ಕಾಗಿ ಮಡಿಸಿ ಜೇಬಿಗಿಟ್ಟು ಕೋಣೆಯ ಕಡೆ ತಿರುಗಿದ. "ಮುಚ್ಚು. ಧೂಳು ಹೋಗತ್ತೆ. ಲಾರಿಯವನು ಬರ್ತಾನೆ ಈಗ."

ಒಂದು ದಾರಿ ಉಳಿದಿತ್ತು. ಅದು ಅವನಿಗೆ ತಕ್ಷಣ ಹೊಳೆಯಿತು. ಈ ಸಲ ಯಾವ ಗಡಿಬಿಡಿಯೂ ಇರಲಿಲ್ಲ. ನಟ್ಟನ್ನು ಮತ್ತೆ ಸಡಿಲಿಸಿ, ಸಂದಿಲ್ಲದ ಹಾಗೆ ಬಿಗಿದು, ಗೋಣಿತಾಟು ಕಟ್ಟಿ ಇಂಜಿನ್ ಕಾ‍ಯಿಸಬೇಕು. ಅರ್ಧ ಗಂಟೆ. ನಾಲ್ಕನೆಯದು ಸಾಯುತ್ತದೆ. ಆಮೇಲೆ ಅಣ್ಣನ ಕಿವಿಯೆದುರಿಗೇ ಅದನ್ನು ಬದುಕಿಸಬೇಕು. ಕಣ್ಣು ಬೇಕಿಲ್ಲ, ನಂಬಿಕೆಯೂ ಬೇಕಿಲ್ಲ, ಕಿವಿ ಸಾಕು. ದೋಷವನ್ನು ಕೈಯಾರೆ ಮಾಡಿ ತೋರಿಸಿದವನಿಗೆ ಮಾತ್ರ ದೋಷ ಗೊತ್ತಾಗಿದೆ ಎಂದು ಲೆಕ್ಕ ಎಂದು ಕಲಿಸಿದವನೂ ಅಣ್ಣನೇ. ಸ್ಪ್ಯಾನರು ನಟ್ಟಿನ ಮೇಲೆ ಕೂತಿತ್ತು. ಲಾರಿಯವನು ಹಗ್ಗದ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು ಗೇಟಿನೊಳಗೆ ಬರುತ್ತಿದ್ದ, ಬೀಡಿ ಕಚ್ಚಿಕೊಂಡು, ಖುಷಿಯಲ್ಲಿದ್ದ. "ಮತ್ತೆ ಯಾಕೆ ಬಿಚ್ಚಿದೀರಿ ಚಿಕ್ಕ ಮೇಸ್ತ್ರಿ?" ಎಂದು ದೂರದಿಂದಲೇ ಕೂಗಿದ.

"ಸುಮ್ನೆ," ಎಂದ ಅವನು. "ಎಣ್ಣೆ ಜಿನುಗ್ತಿದೆಯಾ ಅಂತ ನೋಡಿದೆ."

ಸ್ಪ್ಯಾನರನ್ನು ನಟ್ಟಿನಿಂದ ಎತ್ತಿದ. ಕವರು ಕೂರಿಸಿ ಬೋಲ್ಟುಗಳನ್ನು ಬಿಗಿಯತೊಡಗಿದ, ಒಂದೊಂದನ್ನೂ ಸರಿಯಾಗಿ, ಎರಡೆರಡು ಸಲ. ಕೋಣೆಯೊಳಗೆ ಅಣ್ಣ ಫೋನಿನಲ್ಲಿ ಯಾರಿಗೋ ಹೂಂ, ಹೂಂ, ಇದೆ, ಹೇಳ್ತೀನಿ ಎನ್ನುತ್ತಿದ್ದ. ಆಮೇಲೆ ಗಾಜಿನ ಬಾಗಿಲು ತೆರೆಯಿತು.

"ಲೋ, ಇಲ್ಲಿ ಬಾರೋ ಸ್ವಲ್ಪ. ಬೆಂಚಿನ ಪ್ಲೇಟಿನ ಮೇಲಿರೋ ನಂಬರ್ ಕೇಳ್ತಿದಾರೆ, ಅದನ್ನ ತಗೊಳ್ಳೋರು."

ಅವನು ಕೊನೆಯ ಬೋಲ್ಟನ್ನು ಬಿಗಿದ. ಬಿಗಿದ ಮೇಲೆ ಕೈ ಒರೆಸಿಕೊಂಡು, ಚಪ್ಪಲಿ ಹೊರಗೆ ಬಿಟ್ಟು, ಒಳಗೆ ಹೋದ. ಅಣ್ಣ ಬೆಂಚಿನ ಬದಿಯಲ್ಲಿ ಕುಕ್ಕರಗಾಲಿನಲ್ಲಿ ಕೂತು, ಹಿತ್ತಾಳೆಯ ಪ್ಲೇಟಿನ ಮೇಲೆ ಬೆರಳಿಟ್ಟುಕೊಂಡಿದ್ದ, ಓದಲು ಕಲಿಯುವ ಮಗುವಿನ ಹಾಗೆ. ಅವನು ಪಕ್ಕದಲ್ಲಿ ಕೂತು ಓದತೊಡಗಿದ, ನಿಧಾನವಾಗಿ, ಒಂದೊಂದೇ ಅಂಕಿ. ಬೆರಳು ಒಂದೊಂದು ಅಂಕಿಗೂ ಸರಿಯುತ್ತ ಹೋಯಿತು. ಅಣ್ಣ ಅದನ್ನು ಫೋನಿಗೆ ಒಪ್ಪಿಸಿದ. ಹೊರಗೆ ಲಾರಿ ಸ್ಟಾರ್ಟ್ ಆಗಿ, ಗೇಟು ದಾಟಿ, ರಸ್ತೆಗೆ ಹತ್ತಿತು. ಆರೂ ಒಂದೇ ಸಮನೆ. "ಆಮೇಲೆ?" ಎಂದ ಅಣ್ಣ. "ಏಳು," ಎಂದ ಅವನು. "ಏಳು, ಸೊನ್ನೆ, ನಾಲ್ಕು."